ದೆಹಲಿ–ಬೆಂಗಳೂರು ಎರಡೂಮುಕ್ಕಾಲು ಗಂಟೆಯವರ ಸನ್ನಿಧಾನಕ್ಕೆ

ಆಕಾಶಮಾರ್ಗ ನಿವಾಸಿಗಳೂ, ಗಡಿಯಾರ ಕುಲಕ್ಕೆ ಭೂಷಣಪ್ರಾಯರೂ, ದೆಹಲಿಯಿಂದ ಬೆಂಗಳೂರಿಗೆ ವಿಮಾನ ಹಾರಲು ಹಿಡಿಯುವ ಕಾಲವೂ ಆಗಿರುವ ಶ್ರೀಮಾನ್ ಎರಡೂಮುಕ್ಕಾಲು ಗಂಟೆಯವರಿಗೆ, ಗುಂಡ್ಲುಪೇಟೆ ತಾಲ್ಲೂಕು ಹಂಗಳ ಗ್ರಾಮದ ರೇಷ್ಮೆ ಬೆಳೆಗಾರನೂ, ಏಳನೆಯ ತರಗತಿಯಲ್ಲಿ ಲೆಕ್ಕಕ್ಕೆ ಇಡೀ ಶಾಲೆಗೇ ಮೊದಲಿಗನೂ (ಆ ವರ್ಷ ತರಗತಿಯಲ್ಲಿ ನಾವಿದ್ದದ್ದು ಮೂವರು) ಆದ ಗುರುಪಾದಸ್ವಾಮಿ ತಲೆಯೆತ್ತಿ ಮಾಡುವ ನಮಸ್ಕಾರಗಳು. ತಾವಿರುವುದು ಮೇಲಾದ್ದರಿಂದ ತಲೆಬಾಗಿದರೆ ತಮಗೆ ಬೆನ್ನು ಮಾತ್ರ ಕಾಣುತ್ತದೆ.

ಮಾನ್ಯರೇ,

ನಾವು ಇಲ್ಲಿ ಕ್ಷೇಮ, ಅಂದರೆ ನನ್ನೊಬ್ಬನನ್ನು ಬಿಟ್ಟು ಮನೆಮಂದಿಯೆಲ್ಲ ಕ್ಷೇಮ. ತಾವೂ ಅಲ್ಲಿ ಮೋಡಗಳ ನಡುವೆ ಆರೋಗ್ಯದಿಂದಿದ್ದು, ಎರಡೂವರೆಗೆ ಸೊರಗದೆ, ಮೂರಕ್ಕೆ ಊದದೆ, ಎರಡೂಮುಕ್ಕಾಲಾಗಿಯೇ ಇದ್ದೀರೆಂದು ನಂಬಿರುತ್ತೇನೆ. ಒಂದು ಪ್ರಯಾಣದ ಅವಧಿಗೆ ಪತ್ರ ಬರೆಯುವ ಪದ್ಧತಿ ನಮ್ಮ ಕಡೆ ಇಲ್ಲ. ವಿಮಾನದವರಿಗೇ ಬರೆಯೋಣವೆಂದರೆ ಅವರು ಯಾವ ತಪ್ಪನ್ನೂ ಮಾಡಿಲ್ಲ. ಹೇಳಿದ ಹೊತ್ತಿಗೆ ಹೊರಟು, ಹೇಳಿದ ಹೊತ್ತಿಗೆ ಇಳಿಸಿ, ದೂರು ಹೇಳುವ ಬಾಯಿಗೆ ಬೀಗ ಹಾಕಿಬಿಟ್ಟಿದ್ದಾರೆ. ಸರ್ಕಾರಿ ಬಸ್ಸಿನವರಿಗೆ ಬರೆಯೋಣವೆಂದರೆ ಅವರ ಪರವಾಗಿ ಸಾಕ್ಷಿ ಹೇಳಲು ಒಂದಿಡೀ ಬಸ್ಸಿನಷ್ಟು ಜನ ಸಿದ್ಧರಿದ್ದಾರೆ. ಉಳಿದವನು ನಾನು. ನನ್ನ ಮೇಲೆ ನಾನೇ ದೂರು ಬರೆದುಕೊಳ್ಳುವಷ್ಟು ಇನ್ನೂ ಕೆಟ್ಟಿಲ್ಲವಾದ್ದರಿಂದ, ಎಲ್ಲ ಅನಾಹುತಕ್ಕೂ ತಾವೇ ಮೂಲವೆಂದು ತೀರ್ಮಾನಿಸಿ, ನಾಲ್ಕು ಜನ ಓದಲೆಂದು ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಸಣ್ಣಪುಟ್ಟ ತಪ್ಪುಗಳಿದ್ದರೆ ಕ್ಷಮಿಸಬೇಕು. ದೊಡ್ಡ ತಪ್ಪುಗಳನ್ನು ಕ್ಷಮಿಸಬೇಕಾದವರು ಬೇರೆ ಇದ್ದಾರೆ.

ವಿಷಯವೇನೆಂದರೆ, ನನ್ನ ಅಕ್ಕ ಶಿವರುದ್ರಮ್ಮನ ಮಗಳು ಕಾವ್ಯಶ್ರೀಯ ಮದುವೆ ಈ ಶ್ರಾವಣದಲ್ಲಿ ಗುಂಡ್ಲುಪೇಟೆಯ ಕಲ್ಯಾಣಮಂಟಪದಲ್ಲಿ ಗೋಧೂಳಿ ಲಗ್ನಕ್ಕೆ, ಅಂದರೆ ದನಕರು ಮನೆಗೆ ಮರಳುವ ಸಂಜೆಯ ಹೊತ್ತಿಗೆ, ನಿಶ್ಚಯವಾಗಿತ್ತು. ನಮ್ಮ ಮನೆತನದಲ್ಲಿ ಹೆಣ್ಣನ್ನು ಕೋಣೆಯಿಂದ ಹಸೆಮಣೆಗೆ ಕೈಹಿಡಿದು ಕರೆತರುವವನು ಸೋದರಮಾವ. ಅಪ್ಪ ಕರೆತರುವಂತಿಲ್ಲ, ಅಣ್ಣ ಕರೆತರುವಂತಿಲ್ಲ. ಮಾವ ಬಂದು, ತಾನು ತಂದ ಸೀರೆಯನ್ನು ಮಡಿಲಿಗಿಟ್ಟು, ಕೈ ನೀಡಿ ‘ಏಳವ್ವ’ ಅಂದರೇನೇ ಹೆಣ್ಣು ಏಳುವುದು. ಅಕ್ಕನಿಗೆ ಒಡಹುಟ್ಟಿದವನು ನಾನೊಬ್ಬನೇ. ಕಾವ್ಯಶ್ರೀ ತೊಟ್ಟಿಲಲ್ಲಿದ್ದಾಗಿನಿಂದಲೂ ಈ ಕೆಲಸ ನನ್ನದೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನೂ ನಾನೇ.

ಹೀಗಿರುವಾಗ ರೇಷ್ಮೆ ಬೆಳೆಗಾರರ ಒಂದು ತಂಡವನ್ನು ದೆಹಲಿಯ ಕೃಷಿ ಪ್ರದರ್ಶನಕ್ಕೆ ಕರೆದುಕೊಂಡು ಹೋಗುತ್ತಾರೆಂದು ತಿಳಿಯಿತು. ಹೋಗುವುದು ರೈಲಿನಲ್ಲಿ, ಬರುವುದು ರೈಲಿನಲ್ಲಿ, ಆ ರೈಲು ಮರಳುವುದು ಮದುವೆಯ ಚಪ್ಪರ ಬಿಚ್ಚಿದ ಮೇಲೆ. ಬುದ್ಧಿಯಿದ್ದವನು ಮನೆಯಲ್ಲೇ ಇರುತ್ತಿದ್ದ. ನಾನು ಎಲ್ಲರಿಗಿಂತ ಮೊದಲು ಹೆಸರು ಕೊಟ್ಟೆ. ಅಕ್ಕ ಸುದ್ದಿ ಕೇಳಿ ಹಂಗಳಕ್ಕೇ ಬಂದು ಜಗಲಿಯ ಮೇಲೆ ಕೂತು, “ಏನ್ಲಾ ಗುರುಪಾದ, ಎಣ್ಣಿನ ಕೈ ಇಡೀಬೇಕಾದೋನು ನೀನು, ನೀ ಓಗಿ ಡೆಲ್ಲೀಲಿ ಕೂತ್ಕಂಡ್ರೆ ನಾನ್ಯಾರ್ನ ಕರೀಲಿ?” ಎಂದು ಕೇಳಿದಾಗ, ನನ್ನ ಬಾಯಿ ನನ್ನನ್ನು ಒಂದು ಮಾತೂ ಕೇಳದೆ, “ಅವತ್ತು ಬೆಳಿಗ್ಗೆ ಡೆಲ್ಲೀಲಿ ಕಾಪಿ ಕುಡುದ್ರೆ ಮದ್ಯಾನ ನಿನ್ ಪಂಕ್ತೀಲಿ ಕೂತಿರ್ತೀನಿ, ಎಲೆ ಆಕ್ಸಿರು. ನಾ ಇಮಾನ್ದಲ್ ಬತ್ತೀನಿ ಕಣಕ್ಕ,” ಎಂದುಬಿಟ್ಟಿತು. ಆ ಕ್ಷಣದವರೆಗೂ ನಾನು ವಿಮಾನವನ್ನು ನೋಡಿದ್ದು ಹೊಲದಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ಮಾತ್ರ.

ಮಾತು ಅಲ್ಲಿಗೇ ನಿಂತಿದ್ದರೂ ಆಗುತ್ತಿತ್ತು. ಆದರೆ ಅದು ನಮ್ಮ ಚಿಕ್ಕಪ್ಪನ ಮಗ ಶಂಭುಲಿಂಗಪ್ಪನ ಕಿವಿಗೆ ಬಿತ್ತು. ಇವನು ಚಾಮರಾಜನಗರದ ಬಸ್ ನಿಲ್ದಾಣದ ಎದುರು ಬಿತ್ತನೆ ಬೀಜದ ಅಂಗಡಿ ಇಟ್ಟುಕೊಂಡಿದ್ದಾನೆ, ಮತ್ತು ಕಳೆದ ವರ್ಷ ಚಾಮರಾಜನಗರ ಜಿಲ್ಲಾಕೇಂದ್ರವಾದಾಗಿನಿಂದ ತನ್ನ ಅಂಗಡಿಯನ್ನೂ ಜಿಲ್ಲಾಮಟ್ಟದ್ದೆಂದು ತಿಳಿದಿದ್ದಾನೆ. ಗಿರಾಕಿಗಳ ಮುಂದೆಯೇ ಅವನು, “ಇಮಾನ್ವಾ? ಹಂಗಳದ್ ಗೇಟಲ್ ನಿಂತ್ಕಂಡೇ ಹಂಗಳದ್ ಬಸ್ ಬುಟ್ಬುಡೋನು ನೀನು. ಓಗ್ಲಾ, ಓಗು. ಇಮಾನದ್ ಚೀಟಿ ತಂದು ಈ ಗಲ್ಲಾಪೆಟ್ಗೆ ಮ್ಯಾಲೆ ಮಡುಗು, ಆಮ್ಯಾಕ್ ನಂಬನ,” ಎಂದ. ಮಾನ್ಯರೇ, ಮನುಷ್ಯನನ್ನು ಆಕಾಶಕ್ಕೆ ಏರಿಸುವುದು ಇಂಜಿನ್ನು ಎಂದು ಓದಿದವರು ಹೇಳುತ್ತಾರೆ. ನನ್ನನ್ನು ಏರಿಸಿದ್ದು ಶಂಭುಲಿಂಗಪ್ಪ.

ತಮ್ಮ ಪರಿಚಯ ನನಗಾದದ್ದು ಮೈಸೂರಿನಲ್ಲಿ ಟಿಕೆಟ್ ಮಾಡಿಸಿಕೊಡುವ ಒಂದು ಕಚೇರಿಯಲ್ಲಿ. ದೆಹಲಿಗೂ ಬೆಂಗಳೂರಿಗೂ ಆಕಾಶದಲ್ಲಿ ಸುಮಾರು ಸಾವಿರದ ಏಳುನೂರು ಕಿಲೋಮೀಟರು, ತಲುಪಲು ಎರಡೂಮುಕ್ಕಾಲು ಗಂಟೆ ಎಂದು ಅಲ್ಲಿನ ಹೆಣ್ಣುಮಗಳು ತಲೆಯೆತ್ತದೆ ಹೇಳಿದಳು. ನಾನು ಕುರ್ಚಿಯಿಂದ ಎದ್ದು ನಿಂತೆ. ಆ ಗೋಡೆಯ ಮೇಲಿದ್ದ ಭೂಪಟದಲ್ಲಿ ದೆಹಲಿಯಿಂದ ಬೆಂಗಳೂರು ಒಂದು ಗೇಣು. ಬೆಂಗಳೂರಿನಿಂದ ಗುಂಡ್ಲುಪೇಟೆ ನನ್ನ ಕಿರುಬೆರಳಿನ ಉಗುರಿನಷ್ಟು. ಒಂದು ಗೇಣಿಗೆ ಎರಡೂಮುಕ್ಕಾಲು ಗಂಟೆಯಾದರೆ ಒಂದು ಉಗುರಿಗೆ ಎಷ್ಟು ಎಂಬ ಲೆಕ್ಕವನ್ನು, ಮೂವರಲ್ಲಿ ಮೊದಲಿಗನಾದ ನಾನು ನಿಂತಲ್ಲೇ ಮಾಡಿ ಮುಗಿಸಿ, ಮಂಟಪಕ್ಕೆ ತೀರಾ ಮುಂಚೆ ಹೋಗಿ ಅಡುಗೆಯವರಿಗೆ ತೊಂದರೆ ಕೊಡಬಾರದೆಂದು ಚಿಂತಿಸಿದೆ. ಟಿಕೆಟ್ಟಿಗೆ ಎಷ್ಟಾಯಿತೆಂದು ಮಾತ್ರ ತಾವು ಕೇಳಬಾರದು. ಈ ಪತ್ರವನ್ನು ನಮ್ಮ ಮನೆಯಲ್ಲೂ ಓದುವವರಿದ್ದಾರೆ.

ಮದುವೆಯ ದಿನ ತಾವು ನಡೆದುಕೊಂಡ ರೀತಿಗೆ ಎಷ್ಟು ಹೊಗಳಿದರೂ ಸಾಲದು. ಬೆಳಗಿನ ವಿಮಾನ ದೆಹಲಿಯಿಂದ ಎದ್ದದ್ದೇ ತಡ, ತಾವು ಒಂದು ನಿಮಿಷ ಆಚೆ ಈಚೆ ಆಗದೆ ಬೆಂಗಳೂರಿನಲ್ಲಿ ನನ್ನನ್ನು ಇಳಿಸಿ ಕೈತೊಳೆದುಕೊಂಡಿರಿ. ಅಲ್ಲಿಂದ ಬಸ್ಸುಗಳೂ ಆ ದಿನ ತಮ್ಮ ನೆಂಟರಂತೆಯೇ ಓಡಿದವು. ಬಿಸಿಲು ಇಳಿಯುವ ಮುನ್ನವೇ ನಾನು ಮೈಸೂರಿನ ನಿಲ್ದಾಣದಲ್ಲಿದ್ದೆ. ಕೈಯಲ್ಲಿ ಚೀಲ, ಚೀಲದೊಳಗೆ ಸೋದರಮಾವನ ಸೀರೆ, ಚೀಲದ ಹಿಡಿಗೆ ವಿಮಾನದವರು ಕಟ್ಟಿದ ಚೀಟಿ. ಆ ಚೀಟಿ ಹೊರಮುಖವಾಗಿ ಕಾಣುವಂತೆ ನಾನು ಎಷ್ಟು ಸಲ ಸರಿಪಡಿಸಿದೆನೆಂಬುದನ್ನು ದೇವರೇ ಬಲ್ಲ. ಎದುರಿಗೆ ಎರಡು ಬಸ್ಸು ನಿಂತಿದ್ದವು. ಒಂದು ನಂಜನಗೂಡಿನ ಮೇಲೆ ನೇರವಾಗಿ ಗುಂಡ್ಲುಪೇಟೆಗೆ. ಹತ್ತಿದ್ದರೆ ಮುಹೂರ್ತಕ್ಕೆ ಮೊದಲು ಒಂದು ನಿದ್ದೆ ಮಾಡಿ ಏಳಬಹುದಿತ್ತು. ಇನ್ನೊಂದು ಚಾಮರಾಜನಗರಕ್ಕೆ. ಶಂಭುಲಿಂಗಪ್ಪನ ಕಣ್ಣಿಗೆ ಬೀಳದ ವಿಮಾನಯಾನ ನನ್ನ ಮಟ್ಟಿಗೆ ನಡೆದೇ ಇಲ್ಲ. ಚಾಮರಾಜನಗರದ ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಅಂಗಡಿಗೆ ಬೀಗ. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಸುಂದ್ರಮ್ಮ ಎನ್ನುವವರು, “ಅವ್ರು ಬೆಳಿಗ್ಗೇನೇ ಓದ್ರಲ್ಲ ಸ್ವಾಮಿ. ಗುಂಡ್ಲುಪ್ಯಾಟೇಲಿ ಅವ್ರ ಅಕ್ಕನ ಮಗಳ ಮದ್ವೆಯಂತೆ,” ಎಂದರು. ಒಡಹುಟ್ಟಿದ ನಾನೇ ಹೋಗಬೇಕಾದ ಮದುವೆಗೆ ಚಿಕ್ಕಪ್ಪನ ಮಗನೂ ಹೋಗಿರುತ್ತಾನೆಂಬ ಅಲ್ಪ ವಿಷಯ, ಮೂವತ್ತು ಸಾವಿರ ಅಡಿ ಎತ್ತರದಿಂದ ಬಂದ ತಲೆಗೆ ಹೊಳೆದಿರಲಿಲ್ಲ. ಆಗಲಾದರೂ ತಿರುಗಿ ಬಸ್ಸು ಹಿಡಿಯಬೇಕಿತ್ತು. ಸುಂದ್ರಮ್ಮ ಚೀಲದ ಚೀಟಿ ನೋಡಿ, “ಇದೇನ್ ಸ್ವಾಮಿ, ಬ್ಯಾಗ್ಗೆ ತಾಯ್ತ ಕಟ್ಸಿದ್ದೀರಿ?” ಎಂದು ಕೇಳಿದರು. ಅಷ್ಟು ಸಾಕಾಯಿತು. ನಾನು ಚೀಲ ಕೆಳಗಿಟ್ಟು ಶುರು ಮಾಡಿದೆ. ಹಿಮಾಲಯ ಬಲಗಡೆಗೆ ಹಿಂಡು ಕಟ್ಟಿದ ಬಿಳಿ ಕುರಿಗಳಂತೆ ಕಂಡಿತೆಂದೆ. ದೆಹಲಿಯಿಂದ ದಕ್ಷಿಣಕ್ಕೆ ಬರುವವನಿಗೆ ಹಿಮಾಲಯ ಬೆನ್ನ ಹಿಂದೆ ಇರುತ್ತದೆಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ; ಹಣ್ಣಿನ ಗಾಡಿಯವರು, ಆಟೋದವರು, ಬೀಡಾ ಅಂಗಡಿಯವರು ಎಲ್ಲ ಸೇರಿ ಸುತ್ತ ನಿಂತು, “ಆಮೇಲೆ? ಆಮೇಲೆ?” ಎನ್ನುತ್ತಿದ್ದರು. ‘ಆಮೇಲೆ’ ಎನ್ನುವವರನ್ನು ಬಿಟ್ಟು ಎದ್ದು ಹೋಗುವ ವಿದ್ಯೆ ನನಗೆ ಯಾವ ತರಗತಿಯಲ್ಲೂ ಕಲಿಸಿಲ್ಲ. ಗುಂಡ್ಲುಪೇಟೆಯ ಬಸ್ಸೊಂದು ನಮ್ಮ ಮುಂದೆಯೇ ಹೊರಟುಹೋಯಿತು. ಅದಕ್ಕೆ ಟಾಟಾ ಮಾಡಿದ ನೆನಪೂ ನನಗಿದೆ.

ಮುಂದಿನ ಬಸ್ಸು ಸಿಕ್ಕಿದಾಗಲೂ ಕಾಲ ಮಿಂಚಿರಲಿಲ್ಲ. ದಾರಿ ಮೂವತ್ತೈದು ಕಿಲೋಮೀಟರು ಚಿಲ್ಲರೆ. ತಮ್ಮ ವೇಗದಲ್ಲಾದರೆ ಇದು ಮೂರೂವರೆ ನಿಮಿಷದ ದಾರಿ ಎಂದು ನಾನು ಕಂಡಕ್ಟರಿಗೆ ಲೆಕ್ಕ ಬಿಡಿಸಿ ತೋರಿಸಿದೆ. ಆತ, “ಅಂಗಾದ್ರೆ ನಾನ್ ಇನ್ನೊಬ್ರಿಗೆ ಟಿಕೇಟ್ ಅರಿಯೋವಷ್ಟ್ರಲ್ಲಿ ಗುಂಡ್ಲುಪ್ಯಾಟೆ ದಾಟೋಗಿರ್ತದೆ, ಬುಡಿ ಸ್ವಾಮಿ, ಬ್ಯಾಡ,” ಎಂದು ಹೇಳಿ ಇಡೀ ಬಸ್ಸನ್ನು ನಗಿಸಿದ. ನಗು ನಿಂತ ಮೇಲೆ ಇಡೀ ಬಸ್ಸು ನನ್ನ ಕಡೆ ತಿರುಗಿತು, ನಾನು ಇಡೀ ಬಸ್ಸಿನ ಕಡೆ ತಿರುಗಿದೆ. ತೆರಕಣಾಂಬಿಯಲ್ಲಿ ಟೀ ಕುಡಿಯಲೆಂದು ಡ್ರೈವರ್ ನಿಲ್ಲಿಸುವ ಹೊತ್ತಿಗೆ ನಾನು ಹಿಮಾಲಯ ದಾಟಿ, ಎರಡು ಸಮುದ್ರಗಳನ್ನು ಒಂದೇ ಕಿಟಕಿಯಲ್ಲಿ ನೋಡಿಯಾಗಿತ್ತು. ನಾನೂ ಇಳಿದೆ. ಟೀ ಅಂಗಡಿಯಲ್ಲಿ ಕಥೆಯ ಮೊದಲ ಭಾಗ ಕೇಳದವರು ಇದ್ದುದರಿಂದ ನ್ಯಾಯವಾಗಿ ಮೊದಲಿನಿಂದ ಶುರು ಮಾಡಿದೆ. ಕಂಡಕ್ಟರು ಸೀಟಿ ಊದಿದ. ನಾನು ಕೈಯೆತ್ತಿ ‘ಒಂದ್ನಿಮ್ಸ’ ಎಂದೆ. ಮತ್ತೆ ಊದಿದ, ನಾನು ಮತ್ತೆ ಕೈಯೆತ್ತಿದೆ. ಮೂರನೆಯ ಸಲ ಅವನು ಊದಿದ್ದು ಬಸ್ಸಿನ ಒಳಗಿನಿಂದ. ಬಸ್ಸು ಹೋಯಿತು. ಸೀಟಿನ ಮೇಲಿದ್ದ ನನ್ನ ಚೀಲವೂ ಹೋಯಿತು.

ಇಲ್ಲಿ ತಾವು ಕಣ್ಣು ತುಂಬಿಕೊಳ್ಳಬೇಕೆಂದು ಕೋರುತ್ತೇನೆ. ಸೂರ್ಯ ಬೆಟ್ಟದ ಕಡೆ ವಾಲುತ್ತಿದ್ದ. ಒಂದು ಗೇಣು ಆಕಾಶ ದಾಟಿದವನು ಉಗುರಿನ ತುದಿಯಷ್ಟು ನೆಲ ದಾಟಲಾರದೆ ರಸ್ತೆಯಂಚಿನಲ್ಲಿ ಕೈಬೀಸುತ್ತ ನಿಂತಿದ್ದೆ. ಚಿಕ್ಕಬೀರಯ್ಯನೆಂಬ ಪುಣ್ಯಾತ್ಮ ಚೆಂಡುಹೂ ತುಂಬಿದ ಟ್ರ್ಯಾಕ್ಟರ್ ನಿಲ್ಲಿಸಿ ಹೂವಿನ ಮೂಟೆಗಳ ಮೇಲೆ ಹತ್ತಿಸಿಕೊಂಡ. ಎಲ್ಲಿಂದ ಬಂದಿರೆಂದು ಕೇಳಿದ. ನಾನು ಚಾಮರಾಜನಗರವೆನ್ನಬಹುದಿತ್ತು, ತೆರಕಣಾಂಬಿಯೆನ್ನಬಹುದಿತ್ತು, ಎರಡೂ ಸತ್ಯವೇ. “ಡೆಲ್ಲಿಯಿಂದ, ಇವತ್ ಬೆಳಿಗ್ಗೆ,” ಎಂದೆ. ಇಂಜಿನ್ ಸದ್ದಿನಲ್ಲಿ ಅವನಿಗೆ ಏನೂ ಕೇಳಿಸದೆ, ಆ ಮಹಾನುಭಾವ ಒಂದು ಹುಣಸೆಮರದ ಕೆಳಗೆ ಟ್ರ್ಯಾಕ್ಟರ್ ನಿಲ್ಲಿಸಿ, ಇಂಜಿನ್ ಆರಿಸಿ, ಹಿಂದಕ್ಕೆ ತಿರುಗಿ ಕೂತು, “ಈಗ್ ಯೋಳಿ, ಸರ್ಯಾಗ್ ಕೇಳ್ತದೆ,” ಎಂದ. ದನಗಳು ಧೂಳೆಬ್ಬಿಸಿಕೊಂಡು ನಮ್ಮ ಪಕ್ಕದಲ್ಲೇ ಮನೆಗೆ ಹೋಗುತ್ತಿದ್ದವು. ಗೋಧೂಳಿ ಎಂದರೆ ಇದೇ ಎಂದು ಗೊತ್ತಿದ್ದೂ ನಾನು ಹೇಳಿದೆ. ಪೈಲಟ್ಟು ನನ್ನನ್ನು ಮುಂದಕ್ಕೆ ಕರೆದು ಸ್ವಲ್ಪ ಹೊತ್ತು ಸ್ಟಿಯರಿಂಗ್ ಹಿಡಿದುಕೊಂಡಿರಿ ಎಂದನೆಂದೂ ಹೇಳಿದೆ.

ಮೈತುಂಬ ಚೆಂಡುಹೂವಿನ ಎಸಳು ಅಂಟಿಸಿಕೊಂಡು ನಾನು ಮಂಟಪಕ್ಕೆ ಕಾಲಿಟ್ಟಾಗ ಎರಡನೆಯ ಪಂಕ್ತಿಗೆ ಪಾಯಸ ಬಡಿಸುತ್ತಿದ್ದರು. ಬಾಗಿಲಲ್ಲೇ ನನ್ನ ಹೆಂಡತಿ ಚಿಕ್ಕಮಲ್ಲಮ್ಮ ಸಿಕ್ಕಿ, ನಾಲ್ಕು ಜನ ಬೀಗರ ಎದುರಿಗೆ, “ಬನ್ನಿ, ಬನ್ನಿ. ಇಮಾನ ಎಲ್ ಬುಟ್ರಿ? ಆಚೆ ಎಮ್ಮೆ ಪಕ್ಕ ಕಟ್ಟಿದ್ದೀರಾ?” ಎಂದು ಉಪಚರಿಸಿದಳು. ಅಕ್ಕ ಮುಖ ತಿರುಗಿಸಿಕೊಂಡಳು. ಮಾತಾಡಿದವನು ಶಂಭುಲಿಂಗಪ್ಪ, ತಲೆಗೆ ನನಗಾಗಿ ತಂದಿದ್ದ ಪೇಟ ಸುತ್ತಿಕೊಂಡು, ಕೈಯಲ್ಲಿ ಪಾಯಸದ ಬಕೆಟ್ಟು ಹಿಡಿದುಕೊಂಡು: “ಒತ್ತು ಮುಳುಗೋ ಗಂಟ ಅಯ್ನೋರು ಕಾದ್ರು ಕಣ್ಲಾ. ಮಾವ ಬರ್ದೆ ಏಳಾಕಿಲ್ಲ ಅಂತ ಎಣ್ಣು ಕೂತ್ಬುಡ್ತು. ಅಷ್ಟ್ರಲ್ಲಿ ಬಸ್ ಕಂಡಕ್ಟ್ರು ನಿನ್ ಬ್ಯಾಗ್ ತಂದ್ಕೊಟ್ಟ. ಬ್ಯಾಗ್ ಬಂದದೆ ಅಂದ್ರೆ ಮಾವ ಬಂದಂಗೇಯ ಅಂತ ನಾವೆಲ್ಲ ಯೋಳಿ ಎಬ್ಬುಸ್ದೋ.” ಮದುವೆ ಎಲ್ಲಿ, ಯಾರದ್ದು, ಯಾವ ಮಂಟಪ ಎಂದು ನಾನು ಬಸ್ಸಿಗೆಲ್ಲ ಸಾರಿದ್ದರಿಂದ ಕಂಡಕ್ಟರಿಗೆ ವಿಳಾಸ ಹುಡುಕುವ ಕಷ್ಟವೇ ಬಂದಿರಲಿಲ್ಲ. ಹೀಗಾಗಿ ಶಂಭುಲಿಂಗಪ್ಪ ಒಂದು ಕೈಯಲ್ಲಿ ನನ್ನ ಚೀಲ, ಇನ್ನೊಂದು ಕೈಯಲ್ಲಿ ನನ್ನ ಅಕ್ಕನ ಮಗಳನ್ನು ಹಿಡಿದು ಹಸೆಮಣೆಗೆ ಕರೆತಂದ. ಫೋಟೋದಲ್ಲಿ ವಿಮಾನದ ಚೀಟಿ ಸ್ಪಷ್ಟವಾಗಿ ಬಿದ್ದಿದೆ. ನನ್ನ ಜೊತೆಗೇ ದೆಹಲಿಯಿಂದ ಹೊರಟ ನನ್ನ ಚೀಲ ಮುಹೂರ್ತಕ್ಕೆ ಸರಿಯಾಗಿ ಹಾಜರಾಯಿತು, ನಾನು ಆಗಲಿಲ್ಲ. ಕಾರಣ ಇಷ್ಟೇ, ಅದಕ್ಕೆ ಬಾಯಿಲ್ಲ. ನಾನು ಜೇಬಿನಿಂದ ವಿಮಾನದ ಟಿಕೆಟ್ಟಿನ ತುಂಡನ್ನು ತೆಗೆದು ಚಾಚಿದರೆ ಶಂಭುಲಿಂಗಪ್ಪ, “ಆಮ್ಯಾಕ್ ನೋಡನ ತಗಳ್ಲಾ, ಮೊದ್ಲು ಕೂತ್ಕಂಡ್ ಉಣ್ಣು,” ಎಂದು ನನ್ನ ಎಲೆಗೆ ಒಂದು ಸೌಟು ಹೆಚ್ಚಿಗೆ ಹಾಕಿದ. ಅವನು ಹಂಗಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಆದಕಾರಣ ಮಾನ್ಯರಲ್ಲಿ ನನ್ನ ವಿನಂತಿ. ಇನ್ನು ಮುಂದೆ ತಾವು ದಯಮಾಡಿ ಹನ್ನೊಂದು ಗಂಟೆಯಾಗಬೇಕು, ಅದರಲ್ಲಿ ಪ್ರಯಾಣಿಕರು ತಂತಮ್ಮೊಳಗೇ ಹೇಳಿಕೊಂಡು ಮುಗಿಸಿ ಬಾಯಾರಿ ಇಳಿಯುವಂತಾಗಬೇಕು. ಅದು ಕಷ್ಟವಾದರೆ ಬೆಂಗಳೂರಿನಲ್ಲಿ ನಿಲ್ಲದೆ ತೆರಕಣಾಂಬಿಯ ಟೀ ಅಂಗಡಿಯನ್ನು ದಾಟುವವರೆಗಾದರೂ ಜೊತೆಗೆ ಬರಬೇಕು. ವಿಮಾನ ಇಳಿಯುವವರ ಚೀಲಗಳನ್ನು ಒಂದು ದಾರಿಗೂ ನಾಲಿಗೆಗಳನ್ನು ಇನ್ನೊಂದು ದಾರಿಗೂ ಕಳಿಸುವ ಏರ್ಪಾಡು ಇದ್ದರೆ ಇನ್ನೂ ಉತ್ತಮ. ನಾಲಿಗೆ ಒಂದು ವಾರ ತಡವಾಗಿ ಬಂದರೂ ಆಕ್ಷೇಪಣೆಯಿಲ್ಲ. ಇಷ್ಟು ಬೇಗ ಕರೆತಂದು, ಹೇಳಿಕೊಂಡು ತಿರುಗಲು ಇಡೀ ದಿನವನ್ನು ಕೈಗೆ ಕೊಟ್ಟುಬಿಡುವುದು ನನ್ನಂಥವರ ಪಾಲಿಗೆ ದಯೆಯಲ್ಲ.

ಇನ್ನೊಂದು ಸಂಗತಿ ಉಳಿದಿದೆ. ಇದು ದೂರಲ್ಲ, ತಮಗೆ ತಿಳಿದಿರಲೆಂದು ಮಾತ್ರ. ಹೆಣ್ಣನ್ನು ಒಪ್ಪಿಸಿಕೊಡುವ ಹೊತ್ತಿನಲ್ಲಿ ಹೆಂಗಸರೆಲ್ಲ ಅಳುತ್ತಿದ್ದರು. ನಾನು ಕಂಬದ ಹಿಂದೆ ನಿಂತಿದ್ದೆ. ಕಾವ್ಯಶ್ರೀ ಹುಡುಕಿಕೊಂಡು ಬಂದು ಕಾಲಿಗೆ ನಮಸ್ಕಾರ ಮಾಡಿದಳು. ಬೈಯುತ್ತಾಳೆಂದು ತಲೆ ತಗ್ಗಿಸಿದೆ. ಅವಳು ಮೆಲ್ಲಗೆ, “ಮಾವ, ದಾರೀಲಿ ಎಲ್ರಿಗೂ ಯೋಳ್ದ್ಯಂತೆ. ನಂಗೊಬ್ಳಿಗೇ ಯೋಳ್ನಿಲ್ಲ. ಮ್ಯಾಲಿಂದ ಏನೇನ್ ಕಾಣ್ತದೆ?” ಎಂದಳು. ಹಿಮಾಲಯ ನಾಲಿಗೆಯ ತುದಿಯಲ್ಲೇ ಇತ್ತು, ಸಮುದ್ರಗಳೂ ಇದ್ದವು, ಪೈಲಟ್ಟೂ ಇದ್ದ. ಅವಳ ಮುಖ ನೋಡಿದ ಮೇಲೆ ಒಂದೂ ಹೊರಗೆ ಬರಲಿಲ್ಲ. “ಏನೂ ಕಾಣ್ನಿಲ್ಲ ಕಣವ್ವ,” ಎಂದೆ. “ಎದ್ರಿಕಂಡು, ಅತ್ತಿದಾಗ್ನಿಂದ ಇಳ್ಯೋ ಗಂಟ ಕಣ್ ಮುಚ್ಕಂಡೇ ಕೂತಿದ್ದೆ.” ಅವಳು ನಕ್ಕಳು. ಅಳುತ್ತಿದ್ದ ಹೆಂಗಸರು ತಿರುಗಿ ನೋಡುವಷ್ಟು, ಕಟ್ಟಿದ ಬಾಸಿಂಗ ಅಲ್ಲಾಡುವಷ್ಟು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, “ಬಾ, ಕಾರಿನ್ ಗಂಟ ನೀನೇ ಕರ್ಕಂಡೋಗು,” ಎಂದು ಕೈ ಚಾಚಿದಳು.

ಮಂಟಪದ ಬಾಗಿಲಿನಿಂದ ಕಾರಿನವರೆಗೆ ಆ ಕೈ ಹಿಡಿದು ನಡೆದೆ. ದಾರಿಯಲ್ಲಿ ಯಾರೊಂದಿಗೂ ಒಂದು ಮಾತೂ ಆಡಲಿಲ್ಲ. ಅದು ಎಷ್ಟು ದೂರ, ಎಷ್ಟು ಹೊತ್ತು ಎಂಬುದನ್ನು ತಮಗೆ ತಿಳಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಸದ್ಯಕ್ಕೆ ನೆಲದ ಮೇಲೆಯೇ ಇರುವ,
ತಮ್ಮ ವಿಶ್ವಾಸಿ,
ಗುರುಪಾದಸ್ವಾಮಿ
ಹಂಗಳ, ಗುಂಡ್ಲುಪೇಟೆ ತಾಲ್ಲೂಕು
ಶ್ರಾವಣ, ೧೯೯೮

ವಿ.ಸೂ.: ಮದುವೆ ಹುಡುಗನ ಊರು ನಮ್ಮ ತಾಲ್ಲೂಕಿನದೇ ಆದ ಮದ್ದೂರಿನ ಕಾಡಿನಂಚಿನಲ್ಲಿದೆ. ಹೊಸ ನೆಂಟರ ಮನೆಗೆ ನಾಳೆ ಬುತ್ತಿ ತೆಗೆದುಕೊಂಡು ಹೊರಟಿದ್ದೇನೆ. ತಾವೂ ಬರುವುದಾದರೆ ಸಂತೋಷ. ಆದರೆ ಆ ರಸ್ತೆಯಲ್ಲಿ ಸಂಜೆಯಾದರೆ ಆನೆ ಅಡ್ಡ ನಿಲ್ಲುತ್ತದೆ, ಅದು ಮೇಯ್ದು ಮುಗಿಸಿ ತಾನಾಗಿ ಸರಿಯುವವರೆಗೆ ಬಸ್ಸೂ ಕಾಯಬೇಕು, ಜೀಪೂ ಕಾಯಬೇಕು. ತಮ್ಮಂಥ ಎರಡೂಮುಕ್ಕಾಲುಗಳನ್ನು ಅದು ಸೊಪ್ಪಿನ ಜೊತೆ ದಿನಕ್ಕೆ ಎಷ್ಟು ತಿನ್ನುತ್ತದೆಂದು ಅಲ್ಲಿನವರನ್ನೇ ಕೇಳಬಹುದು.